ಲೌತ್‌ಗೆ ಹೋಗಿಬಂದ ಬುಧವಾರ

ಗ್ರಿಮ್ಸ್‌ಬಿ
ಗುರುವಾರ, ೧೬ ಮೇ ೨೦೧೯

ಮುದ್ದು ಮಗಳು ಬೆತ್‌ಗೆ,

ಹೇಗಿದ್ದೀಯಮ್ಮಾ? ಶೆಟ್‌ಲ್ಯಾಂಡಿನ ಗಾಳಿ ಈ ವಾರವಾದರೂ ನಿಮ್ಮನ್ನು ನೆಟ್ಟಗೆ ನಿಲ್ಲಲು ಬಿಟ್ಟಿದೆಯೆ? ಬಲೆ ಎಳೆಯುವಾಗ ನಮ್ಮ ಅಳಿಯ ಮ್ಯಾಗ್ನಸ್‌ನ ಭುಜ ಉಳುಕಿತು ಎಂದಿದ್ದೆ, ಈಗ ಇಳಿದಿದೆಯೆ? ಬಿಸಿನೀರಿನ ಶಾಖ ಕೊಡು, ಗಂಡಸರ ಮಾತು ಕೇಳಿಕೊಂಡು ಸುಮ್ಮನಾಗಬೇಡ, ನಾವು ತೋಳು ಕಳಚಿ ಬೀಳುವವರೆಗೂ 'ಏನಿಲ್ಲ, ಏನಿಲ್ಲ' ಅನ್ನುವ ಜಾತಿ. ನಿನ್ನ ಕೆಮ್ಮು ಹೋಯಿತೆ? ಆ ಸಾಲ್ಮನ್ ಮೀನು ಸಾಕಣೆಯ ಕೆಲಸದಲ್ಲಿ ದಿನವಿಡೀ ಒದ್ದೆಯಲ್ಲಿ ನಿಂತರೆ ಕೆಮ್ಮು ಸುಲಭಕ್ಕೆ ಬಿಡುವುದಿಲ್ಲ. ಮೀನಿಗೆ ಹೊಗೆ ಹಾಕುತ್ತಾ ಮೂವತ್ತಾರು ವರ್ಷ ಕೆಮ್ಮಿದವನು ಹೇಳುತ್ತಿದ್ದೇನೆ, ಕೇಳು. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಬೆಳಗಿನ ಹೊತ್ತು ಹಳೆಯ ಬಾಗಿಲಿನ ಹಾಗೆ ಸದ್ದು ಮಾಡುತ್ತದೆ, ಹತ್ತು ಹೆಜ್ಜೆ ನಡೆದರೆ ಸರಿಹೋಗುತ್ತದೆ.

ಅಪ್ಪ ಕಾಗದ ಬರೆದಿದ್ದಾನೆ ಎಂದು ನೋಡಿಯೇ ನಿನಗೆ ಗಾಬರಿಯಾಗಿರಬಹುದು. ಹುಟ್ಟುಹಬ್ಬದ ಕಾರ್ಡಿನಲ್ಲಿ ಅಮ್ಮ ಬರೆದದ್ದರ ಕೆಳಗೆ ಹೆಸರು ಗೀಚುವುದು ಬಿಟ್ಟರೆ ನಾನು ನಿನಗೆ ಒಂದು ಸಾಲೂ ಬರೆದವನಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಮ್ಮ ಅದನ್ನು ಮೇಜಿನ ಮೇಲಿಟ್ಟು, ಇಬ್ಬರಿಗೂ ಕೇಳುವಂತೆ ಮಾಡಿ, ನನ್ನ ಎದುರಿಗೇ ಕೂತಿರುತ್ತಾಳೆ. ಭಾನುವಾರ ನೀನು 'ಡಾಕ್ಟ್ರು ಏನಂದ್ರು ಅಪ್ಪಾ?' ಅಂತ ಕೇಳಿದಾಗ ನಾನು 'ಏನೋ ನರದ ತೊಂದ್ರೆಯಂತೆ, ಮಾತ್ರೆ ಕೊಟ್ಟಿದಾರೆ' ಎಂದೆನಲ್ಲ, ಆಗ ಅವಳು ತುಟಿಯ ಮೇಲೆ ಬೆರಳಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಈಗ ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡು ಕೂತಿದ್ದಾಳೆ. 'ಏನೋ ಅದು ಅಷ್ಟೊಂದ್ ಬರೀತಿರೋದು?' ಎಂದು ಅಲ್ಲಿಂದಲೇ ಕೂಗಿದಳು. 'ನಿನ್ನೆ ಲೌತ್‌ಗೆ ಹೋಗಿದ್ದು' ಎಂದೆ. 'ಟೀ ಅಂಗಡಿ ವಿಷಯ ಬರೀಬೇಡ, ಮಗು ಬೇಜಾರ್ ಮಾಡ್ಕೊಳ್ಳುತ್ತೆ' ಎಂದಳು. ಬರೆಯುತ್ತೇನೆ ಬೆತ್. ಈ ಸಲ ಏನನ್ನೂ ಬಿಡಬಾರದು ಅಂದುಕೊಂಡೇ ಪೆನ್ನು ಹಿಡಿದಿದ್ದೇನೆ.

ಮೊದಲು ಕೆಟ್ಟ ಸುದ್ದಿ. ಅಮ್ಮ ಶಾಲೆಯ ಅಡುಗೆಮನೆ ಕೆಲಸ ಬಿಟ್ಟದ್ದು ಬೇಜಾರಾಗಿ ಅಲ್ಲ. ಫೆಬ್ರವರಿಯಲ್ಲಿ ಬಿಸಿ ಕಸ್ಟರ್ಡಿನ ದೊಡ್ಡ ಜಗ್ಗು ಅವಳ ಕೈಯಿಂದ ಹಾರಿ ಅವಳ ಪಾದದ ಮೇಲೆಯೇ ಬಿತ್ತು. ಬಿತ್ತು ಅನ್ನುವುದು ತಪ್ಪು, ಯಾರೋ ಕಸಿದುಕೊಂಡು ಎಸೆದ ಹಾಗಾಯಿತು ಎಂದು ಅವಳೇ ಹೇಳಿದಳು. ಪಕ್ಕದಲ್ಲಿ ಮಕ್ಕಳ ಸಾಲು ನಿಂತಿತ್ತು. ಮಾರನೆಯ ದಿನ ಏಪ್ರನ್ ಒಗೆದು, ಇಸ್ತ್ರಿ ಮಾಡಿ, ತಾನೇ ಹೋಗಿ ವಾಪಸು ಕೊಟ್ಟು ಬಂದಳು. ಆಮೇಲೆ ಪರೀಕ್ಷೆಗಳು, ದೊಡ್ಡಾಸ್ಪತ್ರೆ, ರಕ್ತ. ಎರಡು ವಾರದ ಹಿಂದೆ ಫಲಿತಾಂಶ ಬಂತು. ನಾವು ಒಳಗೆ ಹೋಗುವ ಮೊದಲೇ ಡಾಕ್ಟರಮ್ಮ ಟಿಶ್ಯೂ ಡಬ್ಬಿಯನ್ನು ನಮ್ಮ ಕುರ್ಚಿಗಳ ಕಡೆ ಸರಿಸಿಟ್ಟಿದ್ದರು. ಅದನ್ನು ನೋಡಿದಾಗಲೇ ನನಗೆ ಗೊತ್ತಾಯಿತು. ಕಾಯಿಲೆಯ ಹೆಸರು ಹಂಟಿಂಗ್ಟನ್. ಮೆದುಳು ಸ್ವಲ್ಪ ಸ್ವಲ್ಪವಾಗಿ ಸವೆಯುತ್ತದೆ. ಮೊದಲು ಕೈಕಾಲು ತಮಗೆ ತೋಚಿದ ಹಾಗೆ ಆಡುತ್ತವೆ, ಆಮೇಲೆ ಮಾತು ತೊದಲುತ್ತದೆ, ನುಂಗುವುದು ಕಷ್ಟವಾಗುತ್ತದೆ, ಸಿಟ್ಟು ಬರುತ್ತದೆ, ಕೊನೆಕೊನೆಗೆ ಮನುಷ್ಯ ತಾನು ತಾನಾಗಿ ಉಳಿಯುವುದಿಲ್ಲ. ಹತ್ತು ವರ್ಷವಿರಬಹುದು, ಹದಿನೈದಿರಬಹುದು. ಕೈಕಾಲಿನ ಆಟ ಕಡಿಮೆ ಮಾಡುವ ಮಾತ್ರೆ ಇದೆ. ಕಾಯಿಲೆಯನ್ನು ನಿಲ್ಲಿಸುವುದು ಏನೂ ಇಲ್ಲ. ನಾನು ಎರಡು ಸಲ ಕೇಳಿದೆ, ಎರಡು ಸಲವೂ ಇಲ್ಲ ಎಂದರು. ಒಳ್ಳೆಯ ಹೆಂಗಸು, ಸುಳ್ಳು ಹೇಳಲಿಲ್ಲ.

ಆ ದಿನ ಇನ್ನೊಂದು ಮಾತು ನಡೆಯಿತು. ಡಾಕ್ಟರಮ್ಮ ಅಮ್ಮನ ತಂದೆತಾಯಿಯ ಬಗ್ಗೆ ಕೇಳಿದರು. 'ಅಮ್ಮ ವಯಸ್ಸಾಗಿ ಹೋದ್ರು. ಅಪ್ಪ ಕುಡಿದು ಕುಡಿದು ಸತ್ತ, ನಲವತ್ತೊಂಬತ್ತಕ್ಕೆ' ಎಂದಳು ನನ್ನ ಲೊರೇನ್. ನಿನಗೂ ನಾವು ಹಾಗೇ ಹೇಳಿ ಬೆಳೆಸಿದ್ದೆವು, ವಿಲ್ಫ್ ತಾತ ಅಂದರೆ ಕುಡುಕ ತಾತ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ, 'ಅವರು ಕುಡಿಯೋದನ್ನ ನೀವು ನೋಡಿದೀರಾ?' ಎಂದರು. ನಿಮ್ಮಮ್ಮ, 'ಕುಡಿಯೋದು ನೋಡಿಲ್ಲ. ತೂರಾಡೋದು ನೋಡಿದೀನಿ' ಎಂದಳು. ಹೇಳಿದ ಮೇಲೆ ತಾನು ಹೇಳಿದ್ದು ತನಗೇ ಕೇಳಿಸಿತು. ಅವಳ ಮುಖ ಆಗ ಹೇಗಾಯಿತು ಎಂದು ಬರೆಯುವ ಶಕ್ತಿ ನನಗಿಲ್ಲ. ಆವತ್ತಿನಿಂದ ಅವಳು ಮನೆಯಿಂದ ಹೊರಗೆ ಕಾಲಿಡಲಿಲ್ಲ.

ಮಂಗಳವಾರ ಸಂಜೆ ಇದ್ದಕ್ಕಿದ್ದಂತೆ 'ನಾಳೆ ಲೌತ್‌ಗೆ ಹೋಗೋಣ್ವಾ? ಸುಮ್ನೆ, ಒಂದು ದಿನ ಆರಾಮಾಗಿ' ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಯಾಕೆ ಎತ್ತ ಎಂದು ಕೇಳಲೇ ಇಲ್ಲ. ಹೊಗೆಮನೆಯಲ್ಲಿ ನನ್ನ ಮೇಲಿನವನಿಗೆ ಫೋನು ಮಾಡಿ ರಜೆ ಕೇಳಿದೆ. 'ಹೋಗಿ ಬಾರಯ್ಯ, ಸತ್ತ ಮೀನು ಎಲ್ಲಿ ಓಡಿ ಹೋಗುತ್ತೆ?' ಎಂದ. ಕಾರಿನಲ್ಲಿ ಹೋಗೋಣವೆಂದರೆ ನಿಮ್ಮಮ್ಮ ಕೇಳಲಿಲ್ಲ. ಬಸ್ಸೇ ಆಗಬೇಕು, ಮೇಲಿನ ಅಂತಸ್ತಿನ ಮುಂದಿನ ಸೀಟೇ ಆಗಬೇಕು. ಡ್ರೈವರ್ ಅವಳ ನಡಿಗೆ ನೋಡಿ 'ಕೆಳಗೇ ಕೂತ್ಕೊಳ್ಳಿ ತಾಯಿ, ಮೆಟ್ಲು ಕಿರಿದು' ಎಂದ. 'ಮೇಲೆ ಕೂರ್ದೆ ಲೌತ್‌ಗೆ ಹೋದ್ರೆ ಹೋದ ಹಾಗಾ?' ಎಂದು ಹತ್ತಿಯೇಬಿಟ್ಟಳು. ನಾನು ಹಿಂದೆ, ಎರಡೂ ಕೈ ಅವಳ ಬೆನ್ನಿಗೆ ಕೊಟ್ಟುಕೊಂಡು, ಒಂದೊಂದೇ ಮೆಟ್ಟಿಲು. ಅವಳು ಕೂರುವವರೆಗೂ ಡ್ರೈವರ್ ಬಸ್ಸು ಬಿಡಲಿಲ್ಲ. ಕೆಳಗಿನಿಂದ ಯಾರೋ ಹೆಂಗಸು, 'ಬಸ್ಸು ಹೊರಡುತ್ತೋ, ಇಲ್ಲ ಮೆರವಣಿಗೆ ಮುಗೀಲಿ ಅಂತ ಕಾಯ್ಬೇಕೋ?' ಎಂದು ಗೊಣಗಿದಳು. ನಿಮ್ಮಮ್ಮ ಮೇಲಿನಿಂದಲೇ 'ಮೆರವಣಿಗೆ ರಾಣಿ ನಾನೇ ಕಣಮ್ಮ, ಬೇಕಿದ್ರೆ ಕೈ ಬೀಸ್ತೀನಿ!' ಎಂದಳು. ಅವಳ ಬಲಗೈ ಆಗಲೇ ತನ್ನಷ್ಟಕ್ಕೆ ಬೀಸುತ್ತಿತ್ತು. ಬಸ್ಸಿನವರೆಲ್ಲ ನಕ್ಕರು, ಅವಳೂ ನಕ್ಕಳು. ನಾನೂ ನಗಬೇಕಾಯಿತು.

ದಾರಿಯುದ್ದಕ್ಕೂ ಹೊಲಗಳು ಹಳದಿಯಾಗಿದ್ದವು, ಬೇಲಿಗಳ ಮೇಲೆಲ್ಲ ಬಿಳಿ ಹೂವು. ಲೌತ್‌ನ ಚರ್ಚಿನ ಗೋಪುರ ದೂರದಿಂದ ಕಂಡಾಗ ಅವಳು ಚಿಕ್ಕ ಹುಡುಗಿಯ ಹಾಗೆ ನನ್ನ ತೊಡೆಗೆ ಹೊಡೆದಳು. ನಿನಗೆ ಐದು ವರ್ಷವಿದ್ದಾಗ ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು, ನೀನು ಬಾತುಕೋಳಿ ಹಿಡಿಯಲು ಹೋಗಿ ಹೊಳೆಯಲ್ಲಿ ಕೂತುಬಿಟ್ಟಿದ್ದೆ, ನಿನ್ನನ್ನು ನನ್ನ ಸ್ವೆಟರಿನಲ್ಲಿ ಸುತ್ತಿಕೊಂಡು ಬಂದೆವು. ಅದನ್ನೇ ಹೇಳಿಕೊಂಡು ಇಳಿದೆವು. ಬುಧವಾರದ ಸಂತೆ ನೆರೆದಿತ್ತು. ಒಂದು ಪ್ಲಮ್ ಬ್ರೆಡ್, ಒಂದು ತುಂಡು ಚೀಸ್, ಎರಡು ಹಂದಿಮಾಂಸದ ಪೈ ಕೊಂಡೆವು. ಗಿಡ ಮಾರುವವನ ಹತ್ತಿರ ಅವಳು ಬಹಳ ಹೊತ್ತು ನಿಂತು ನೇರಳೆ ಬಣ್ಣದ ಪ್ಯಾನ್ಸಿ ಸಸಿಗಳನ್ನು ಆರಿಸಿದಳು. ಆರಿಸುವಾಗ ತೋಳು ಚಿಮ್ಮಿ ಒಂದು ತಟ್ಟೆ ಸಸಿಗಳು ನೆಲಕ್ಕೆ ಹೋದವು. ನಾನು ಮಂಡಿಯೂರಿ ಮಣ್ಣು ಬಾಚತೊಡಗಿದೆ. ಗಿಡದವನು, ಮುದುಕ, 'ಬಿಡೀಪ್ಪಾ, ಒಂದ್ಸಲ ಬಿದ್ದ ಸಸಿನೇ ಗಟ್ಟಿಯಾಗಿ ಬೇರು ಬಿಡೋದು' ಎಂದು ತಾನೂ ಕೂತು ಬಾಚಿದ. ಅಂಥವರೂ ಇದ್ದಾರೆ ಬೆತ್. 'ಮನೆ ಕಿಟಕಿಗಾ ಇದು?' ಎಂದು ನಾನು ನಿಮ್ಮಮ್ಮನನ್ನು ಕೇಳಿದೆ. 'ಇರ್ಲಿ ಬಿಡು' ಎಂದಳು.

ಇನ್ನು ಟೀ ಅಂಗಡಿ. ಒಂದು ಓಣಿಯಲ್ಲಿ, ಕಿಟಕಿಗೆ ಲೇಸಿನ ಪರದೆ ಹಾಕಿದ ಜಾಗ. ಮೂರೇ ಮೂರು ಮೇಜು ತುಂಬಿದ್ದವು. ನಾನು ಅವಳ ಕಪ್ಪಿಗೆ ಅರ್ಧ ಮಾತ್ರ ಟೀ ಬಗ್ಗಿಸಿ ಕೊಟ್ಟೆ, ಈಚೆಗೆ ಹಾಗೇ ಮಾಡುತ್ತೇವೆ. ಆದರೂ ಕಪ್ಪು ಬಾಯಿಯ ಹತ್ತಿರ ಹೋಗುವಾಗ ಮೊಣಕೈ ಎಗರಿತು. ಟೀ ಪಕ್ಕದ ಮೇಜಿನ ಹೆಂಗಸಿನ ತಿಳಿ ಬಣ್ಣದ ಕೋಟಿನ ಮೇಲೆ ಹೋಯಿತು, ಕಪ್ಪು ಒಡೆಯಿತು. ನಿಮ್ಮಮ್ಮ ಕ್ಷಮೆ ಕೇಳಲು ಎದ್ದಳು, ಎದ್ದ ಕಾಲು ನೆಟ್ಟಗೆ ನಿಲ್ಲದೆ ಮೇಜಿಗೆ ಆತುಕೊಂಡಳು, ಮಾತೂ ಒಂದಕ್ಕೊಂದು ಅಂಟಿಕೊಂಡು ಬಂತು. ಗಾಬರಿಯಾದರೆ ಎಲ್ಲವೂ ಹೆಚ್ಚಾಗುತ್ತದೆ. ಅಂಗಡಿಯ ಯಜಮಾನಿ ಒಳಗಿನಿಂದ ಬಂದು ಎದೆಯ ಮೇಲೆ ಕೈಕಟ್ಟಿ ನಿಂತಳು. 'ನೋಡಿ, ಇದು ಮರ್ಯಾದಸ್ಥರು ಬರೋ ಜಾಗ. ಬೆಳಗ್ಗೆ ಹನ್ನೊಂದಕ್ಕೇ ಏರಿಸ್ಕೊಂಡು ಬಂದಿದೀರಲ್ಲ. ಇಳಿದ ಮೇಲೆ ಬನ್ನಿ' ಎಂದಳು. ಆ ಕಾಯಿಲೆಯ ಹೆಸರನ್ನು ಅವಳ ಮುಖದ ಮೇಲೆ ಎಸೆದುಬಿಡಬೇಕೆಂದು ಬಾಯಿ ತೆರೆದಿದ್ದೆ. ನಿಮ್ಮಮ್ಮ ನನ್ನ ಮಣಿಕಟ್ಟು ಹಿಡಿದಳು. 'ಬೇಡ ಕಣೋ ಗ್ಲೆನ್. ಆಯಮ್ಮನಿಗೆ ಹೇಗೆ ಗೊತ್ತಾಗ್ಬೇಕು? ನಮ್ಮಪ್ಪನ ಮಗಳು ನನಗೇ ಗೊತ್ತಾಗ್ಲಿಲ್ಲ' ಎಂದಳು. ನಾನು ಅವಳನ್ನು ಹಿಡಿದುಕೊಂಡು ಹೊರಗೆ ಬಂದೆ. ಹಿಂದಿನಿಂದ ಯಾರೋ 'ಪಾಪ, ಗಂಡ ನೋಡೋಕೆ ಒಳ್ಳೆಯವನ ಹಾಗಿದಾನೆ' ಎಂದದ್ದು ಕೇಳಿಸಿತು.

ಚರ್ಚಿನ ಗೋಡೆಯ ಮೇಲೆ ಕೂತೆವು. ಅಲ್ಲಿ ಅವಳು ನನಗೆ ಒಂದು ಕಥೆ ಹೇಳಿದಳು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಹೇಳದಿದ್ದದ್ದು. ಅವಳಿಗೆ ಎಂಟು ವರ್ಷ. ವಿಲ್ಫ್ ಆಗ ಹಡಗಿನಿಂದ ಮೀನು ಇಳಿಸುವ ಕೆಲಸ ಕಳೆದುಕೊಂಡಿದ್ದ, ಕುಡಿದು ಕೆಲಸಕ್ಕೆ ಬರುತ್ತಾನೆ ಎಂದು ತೆಗೆದುಹಾಕಿದ್ದರು. ನಿನ್ನಜ್ಜಿಯೂ ಅದನ್ನೇ ನಂಬಿ ಮನೆಯಿಂದ ಹೊರಗೆ ಹಾಕಿದ್ದಳು. ಅವನ ಅಕ್ಕ ಎಡ್ನಾ ಲೌತ್‌ನಲ್ಲಿದ್ದಳು, ಅವಳ ಹತ್ತಿರ ಹೋಗಿ ಸೇರಿಕೊಂಡಿದ್ದ. ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಬಂದು ನಿಂತಿದ್ದನಂತೆ, ಕ್ಷೌರ ಮಾಡಿಸಿಕೊಂಡು, ಟೈ ಕಟ್ಟಿಕೊಂಡು. ಮಗಳನ್ನು ಕಂಡದ್ದೇ ಅವಳ ಕಡೆ ಬಂದ. ಬರುವಾಗ ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ, ಭುಜ ಎಗರುತ್ತಿತ್ತು. ಜೊತೆಯ ಹುಡುಗಿಯರು ಕಿಸಕ್ಕೆಂದರು. 'ಯಾರೇ ಅದು?' ಎಂದು ಒಬ್ಬಳು ಕೇಳಿದಳು. 'ಯಾರೋ ಕುಡುಕ. ನನಗೆ ಗೊತ್ತಿಲ್ಲ' ಎಂದಳಂತೆ ಲೊರೇನ್. ಅವನು ಎರಡು ಮಾರು ದೂರದಲ್ಲಿದ್ದ, ಕೇಳಿಸಿಕೊಂಡ. 'ಗ್ಲೆನ್, ಎರಡೂ ಕೈ ತಗೊಂಡು ಜೇಬಲ್ಲಿ ಹಾಕ್ಕೊಂಡ. ಹಾಗೆ ಮಾಡಿದ್ರೆ ನನಗೆ ನಾಚಿಕೆ ಆಗಲ್ಲ ಅಂದ್ಕೊಂಡ್ನೇನೋ. ಜೇಬೊಳಗೂ ಆ ಕೈ ಸುಮ್ನಿರ್ಲಿಲ್ಲ' ಎಂದಳು. ಅವನು ತಿರುಗಿ ಹೋದ. ಆಮೇಲೆ ಬರಲೇ ಇಲ್ಲ. ಅವಳಿಗೆ ಹದಿಮೂರಾದಾಗ ಸತ್ತನೆಂದು ಎಡ್ನಾ ಕಾಗದ ಬರೆದಳು. ಮಣ್ಣಿಗೂ ಇವರು ಯಾರೂ ಹೋಗಲಿಲ್ಲ. ಇಷ್ಟು ಹೇಳಿ, ಮಡಿಲಲ್ಲಿದ್ದ ಸಸಿಗಳ ಚೀಲವನ್ನು ಎತ್ತಿ, 'ಎದ್ದೇಳು, ಇದು ಕಿಟಕಿಗಲ್ಲ' ಎಂದಳು.

ಲಂಡನ್ ರಸ್ತೆಯ ಸ್ಮಶಾನಕ್ಕೆ ನಡೆದುಕೊಂಡೇ ಹೋದೆವು. ದೂರವೇನಿಲ್ಲ, ಆದರೆ ಏರು, ಮೂರು ಕಡೆ ಕೂತು ಹೋಗಬೇಕಾಯಿತು. ಹುಲ್ಲು ಕತ್ತರಿಸುತ್ತಿದ್ದ ಒಬ್ಬಾತ ಯಂತ್ರ ನಿಲ್ಲಿಸಿ ಹೆಸರು ಕೇಳಿದ. ವಿಲ್ಫ್ರೆಡ್ ಮಂಬಿ, ಸಾವಿರದ ಒಂಬೈನೂರ ಎಪ್ಪತ್ತೊಂಬತ್ತು. ಆತ ಎಲ್ಲಿಗೋ ಫೋನು ಮಾಡಿ, ದಾಖಲೆ ನೋಡಿಸಿ, ನಮ್ಮನ್ನು ಗೋಡೆಯ ಪಕ್ಕದ ಒಂದು ಸಾಲಿಗೆ ಕರೆದುಕೊಂಡು ಹೋದ. ಎರಡು ಕಲ್ಲುಗಳ ನಡುವೆ ಬರೀ ಹುಲ್ಲು. 'ಇಲ್ಲೇಮ್ಮ. ಕಲ್ಲು ಹಾಕ್ಸಿಲ್ಲ' ಎಂದ. ಏನೋ ತಪ್ಪು ಮಾಡಿದವನ ಹಾಗೆ, 'ಒಬ್ಬರು ವಯಸ್ಸಾದ ಹೆಂಗಸು ಬರ್ತಿದ್ರಂತೆ, ನನಗಿಂತ ಹಿಂದಿದ್ದವರು ಹೇಳ್ತಿದ್ರು. ಆಮೇಲೆ ಈ ಕಡೆ ಯಾರೂ ಬಂದಿದ್ದು ನಾ ಕಾಣೆ' ಎಂದೂ ಸೇರಿಸಿದ. ಮಣ್ಣು ತೋಡಲು ತನ್ನ ಸಣ್ಣ ಸಲಿಕೆ ಕೊಟ್ಟು, ಯಂತ್ರವನ್ನು ದೂರಕ್ಕೆ ತಳ್ಳಿಕೊಂಡು ಹೋದ. ಸದ್ದಾಗಬಾರದು ಎಂದಿರಬೇಕು.

ನಿಮ್ಮಮ್ಮ ಮಂಡಿಯೂರಿ ಕೂತು ತೋಡಿದಳು. ಸಲಿಕೆ ಒಮ್ಮೆ ಮಣ್ಣಿಗೆ ಹೋದರೆ ಒಮ್ಮೆ ಗಾಳಿಗೆ. ಮಣ್ಣು ಅವಳ ಕೂದಲಿಗೆ, ನನ್ನ ಮುಖಕ್ಕೆ. ನಾನು ಕೈ ಚಾಚಿದರೆ 'ಮುಟ್ಬೇಡ, ನಾನೇ ಮಾಡ್ಬೇಕು' ಎಂದು ಗದರಿದಳು. ಆರು ಸಸಿ ನೆಡಲು ಮುಕ್ಕಾಲು ಗಂಟೆ ಹಿಡಿಯಿತು. ಎರಡರ ಕತ್ತು ಮುರಿಯಿತು, ಉಳಿದ ನಾಲ್ಕು ನಾಲ್ಕು ದಿಕ್ಕಿಗೆ ವಾಲಿಕೊಂಡು ನಿಂತವು. ಆಮೇಲೆ ಎರಡೂ ಅಂಗೈಯನ್ನು ಹುಲ್ಲಿನ ಮೇಲೆ ಊರಿ, 'ಅಪ್ಪಾ, ನಾನು ಲೊರೇನ್' ಎಂದಳು. ಅಂಗೈ ಎತ್ತದೆಯೇ, 'ನೀನು ಕುಡಿದಿರ್ಲಿಲ್ಲ ಅಂತ ಈಗ ಗೊತ್ತಾಯ್ತು' ಎಂದಳು. ಅಳಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿ, 'ಅವನಿಗೆ ಕೇಳಿಸ್ತು ಅಂತೀಯಾ?' ಎಂದು ಕೇಳಿದಳು. ನಾವು ಚರ್ಚಿಗೆ ಹೋಗುವವರಲ್ಲ, ನಿನಗೆ ಗೊತ್ತು. ನಾನು ಯೋಚಿಸಿ, 'ಗೊತ್ತಿಲ್ಲ ಕಣೇ' ಎಂದೆ. 'ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?' ಎಂದಳು. ಈಗ ಬರೆಯುವಾಗಲೂ ಆ ಮಾತು ಚುಚ್ಚುತ್ತಿದೆ. ನಿಜ, ನನ್ನ ಗಂಟೇನು ಹೋಗುತ್ತಿತ್ತು?

ಅಲ್ಲಿಂದ ಹಬ್ಬರ್ಡ್ಸ್ ಹಿಲ್ಸ್‌ಗೆ ಹೋದೆವು, ನೀನು ಹೊಳೆಯಲ್ಲಿ ಕೂತ ಜಾಗ. ಬೆಂಚಿನ ಮೇಲೆ ಪೈ ತಿಂದೆವು. ಅವಳಿಗೆ ನಾನು ಚಿಕ್ಕ ಚಿಕ್ಕ ಚೂರು ಮಾಡಿ ಕೊಟ್ಟೆ, ಒಂದೆರಡು ಸಲ ಗಂಟಲಿಗೆ ಸಿಕ್ಕಿಕೊಂಡು ಕೆಮ್ಮಿದಳು. ಆಮೇಲೆ ಶೂ ಬಿಚ್ಚಿ ನೀರಿಗಿಳಿಯುತ್ತೇನೆ ಎಂದು ಹಟ ಹಿಡಿದಳು. ನಾನೂ ಪ್ಯಾಂಟು ಮಡಚಿಕೊಂಡು ಇಳಿದು, ಅವಳ ಎರಡೂ ತೋಳು ಹಿಡಿದು ನಿಂತೆ. ನೀರು ಮಂಜಿನಷ್ಟು ತಣ್ಣಗಿತ್ತು. ಅವಳ ಕಾಲು ನೀರಿನಲ್ಲಿ ತಮ್ಮಷ್ಟಕ್ಕೆ ಕುಣಿದು ನಮ್ಮಿಬ್ಬರನ್ನೂ ತೋಯಿಸಿದವು. ಹಾದುಹೋಗುತ್ತಿದ್ದ ಒಬ್ಬ ಮುದುಕಿ ನಾಯಿಯನ್ನು ಹಿಡಿದುಕೊಂಡು, 'ಈ ವಯಸ್ಸಲ್ಲೂ ಡ್ಯಾನ್ಸಾ! ದೃಷ್ಟಿಯಾದೀತು, ಜೋಕೆ' ಎಂದು ನಕ್ಕು ಹೋದಳು. ಅವಳಿಗೆ ನಾವು ಹಾಗೆ ಕಂಡೆವು. ಐದು ನಿಮಿಷ ನನಗೂ ನಾವು ಹಾಗೇ ಕಂಡೆವು. ನಂತರ ದಡಕ್ಕೆ ಬಂದು, ನನ್ನ ಸ್ವೆಟರಿನಿಂದ ಅವಳ ಕಾಲು ಒರೆಸುತ್ತಾ ಕೂತಿದ್ದಾಗ, ಮುಂದಿನ ದಿನಗಳ ಬಗ್ಗೆ ಕೆಲವು ಮಾತು ಆಡಿದೆವು. ಅದನ್ನು ಇಲ್ಲಿ ಬರೆಯುವುದಿಲ್ಲ.

ವಾಪಸು ಬರುವಾಗ ಅವಳೇ 'ಕೆಳಗೇ ಕೂರೋಣ' ಎಂದಳು. ಊರು ದಾಟುವ ಮೊದಲೇ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ನಿದ್ದೆ ಬಂದಾಗ ಅವಳ ಮೈ ಸುಮ್ಮನಾಗುತ್ತದೆ ಬೆತ್. ಬೆರಳು, ಭುಜ, ಹುಬ್ಬು, ಎಲ್ಲ. ಯಾರೋ ಯಂತ್ರದ ಗುಂಡಿ ಒತ್ತಿ ನಿಲ್ಲಿಸಿದ ಹಾಗೆ. ನಾನು ಮದುವೆಯಾದ ಲೊರೇನ್ ಆಗ ಬಂದು ಪಕ್ಕದಲ್ಲಿ ಕೂತಿರುತ್ತಾಳೆ. ನಮ್ಮ ಸ್ಟಾಪ್ ಬಂತು. ಎಬ್ಬಿಸಬೇಕು ಎಂದು ಕೈ ಎತ್ತಿದೆ, ಎತ್ತಿದ ಕೈಯನ್ನು ಮತ್ತೆ ಮಡಿಲಲ್ಲಿಟ್ಟುಕೊಂಡೆ. ಬಾಗಿಲು ತೆರೆಯಿತು, ಮುಚ್ಚಿತು. ಮುಂದಿನ ಸ್ಟಾಪೂ ಹೋಯಿತು, ಅದರ ಮುಂದಿನದೂ ಹೋಯಿತು. ಕೊನೆಯ ನಿಲ್ದಾಣದಲ್ಲಿ ಡ್ರೈವರ್ ಹತ್ತಿರ ಬಂದು, 'ಇಲ್ಲಿಂದಾಚೆ ಬಸ್ಸು ಹೋಗಲ್ಲ ಯಜಮಾನ್ರೇ' ಎಂದು ಮೆಲ್ಲಗೆ ಹೇಳಿದ. ಅವಳು ಕಣ್ಣು ಬಿಟ್ಟಳು, ಕಣ್ಣಿನ ಜೊತೆಗೇ ಕೈಯೂ ಎದ್ದಿತು. 'ಇದೆಲ್ಲಿದೀವಿ? ನೀನೂ ಮಲಗಿಬಿಟ್ಟಿದ್ಯಾ?' ಎಂದಳು. 'ಹೂಂ ಕಣೇ' ಎಂದೆ. ಆಗಲಾದರೂ ಹೂಂ ಅನ್ನುವುದು ನೆನಪಿಗೆ ಬಂತು. ಬೈದುಕೊಳ್ಳುತ್ತಲೇ ನನ್ನ ತೋಳು ಹಿಡಿದು ಮನೆಗೆ ನಡೆದು ಬಂದಳು.

ಇಷ್ಟೇ ನಮ್ಮ ಒಂದು ದಿನದ ಆರಾಮ. ನೀನು ಊಟ ತಪ್ಪಿಸಬೇಡ, ಒದ್ದೆ ಕಾಲುಚೀಲದಲ್ಲಿ ಇರಬೇಡ. ಮ್ಯಾಗ್ನಸ್‌ನ ಅಮ್ಮ ಹೆಣೆದು ಕಳಿಸಿದ ಕೈಗವಸು ನನಗೆ ಹೇಳಿ ಮಾಡಿಸಿದಂತಿವೆ ಎಂದು ತಿಳಿಸು, ಅವರಿಗೂ ಮ್ಯಾಗ್ನಸ್‌ಗೂ ನಮ್ಮ ನೆನಪುಗಳು. ಈ ಹಾಳೆಯನ್ನು ಅಡುಗೆಮನೆಗೆ ಒಯ್ದು 'ಓದ್ತೀಯಾ?' ಎಂದು ಕೇಳಿದೆ. 'ಸಾಲೆಲ್ಲ ಓಡ್ತಾವೆ, ನೀನು ಬರೆದಿದ್ದು ಸರಿಯಾಗೇ ಇರುತ್ತೆ. ಎಲ್ಲಿ, ಸಹಿ ಹಾಕ್ತೀನಿ' ಎಂದಳು. ಕೆಳಗೆ ಕಾಣುವ ಗೀಚು ಅವಳ ಹೆಸರು, ಮೂರು ಸಲ ಪ್ರಯತ್ನಿಸಿದಳು. ಪಕ್ಕದಲ್ಲಿರುವುದು ಮುತ್ತಿನ ಗುರುತು. ತಣ್ಣಗಿರು ಮಗಳೇ, ನೀನಿರುವ ಕಡೆ ಸಮುದ್ರ ನಿನಗೆ ಒಳ್ಳೆಯದನ್ನೇ ಮಾಡಲಿ.

ನಿನ್ನ ಅಪ್ಪ,
ಗ್ಲೆನ್

(ಮತ್ತು ಅಮ್ಮ)

ಮರೆತ ಮಾತು: ಮರೆತದ್ದಲ್ಲ. ಅಂಚೆ ಕಚೇರಿಯ ಹೊರಗೆ, ಗೋಡೆಗೆ ಹಾಳೆ ಒತ್ತಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಮೇಲಿನದನ್ನು ಓದುತ್ತಾ ನೀನು ಆಗಲೇ ಲೆಕ್ಕ ಹಾಕಿರುತ್ತೀ. ತಾತನಿಗಿತ್ತು, ಅಮ್ಮನಿಗೆ ಬಂತು. ಇದು ತಂದೆತಾಯಿಯಿಂದ ಮಕ್ಕಳಿಗೆ ಬರುವ ಕಾಯಿಲೆ. ನಾಣ್ಯ ಚಿಮ್ಮಿದ ಹಾಗೆ, ಬಂದರೂ ಬಂತು, ಇಲ್ಲದಿದ್ದರೂ ಇಲ್ಲ, ಅರ್ಧಕ್ಕರ್ಧ ಎಂದರು ಡಾಕ್ಟರಮ್ಮ. ಬಂದಿದೆಯೋ ಇಲ್ಲವೋ ರಕ್ತ ನೋಡಿ ಈಗಲೇ ಹೇಳಬಹುದಂತೆ. ನೋಡಿಸಿಕೊಳ್ಳಲೇಬೇಕು ಎಂದೇನಿಲ್ಲ, ತಿಳಿಯದೆ ಇರುತ್ತೇನೆ ಅನ್ನುವ ಹಕ್ಕು ನಿನಗಿದೆ, ಮೊದಲು ಅದಕ್ಕೆಂದೇ ಇರುವವರ ಜೊತೆ ಕೂತು ಮಾತಾಡಬೇಕು ಎಂದರು. ಒಬ್ಬಳೇ ಕೂತು ಕಂಪ್ಯೂಟರಿನಲ್ಲಿ ಹುಡುಕಬೇಡ, ಮ್ಯಾಗ್ನಸ್‌ನನ್ನು ಪಕ್ಕದಲ್ಲಿ ಕೂರಿಸಿಕೋ.

ಹೊಳೆಯ ದಡದಲ್ಲಿ ಆಡಿದ ಮಾತು ಇದೇ. ಕಾಯಿಲೆಯ ಹೆಸರು ಬೇಕಾದರೆ ಹೇಳು, ಆದರೆ ಅದು ಮಕ್ಕಳಿಗೆ ಬರುತ್ತದೆ ಎಂದು ಮಾತ್ರ ನಿನಗೆ ಹೇಳಬಾರದು ಎಂದು ಅಮ್ಮ ನನ್ನಿಂದ ಮಾತು ತೆಗೆದುಕೊಂಡಳು. 'ನಮ್ಮಪ್ಪನಿಗೆ ಮೊದಲೇ ಗೊತ್ತಿದ್ದಿದ್ರೆ ನಾನೇ ಹುಟ್ತಿರ್ಲಿಲ್ಲ. ನನಗೆ ಗೊತ್ತಿದ್ದಿದ್ರೆ ಬೆತ್ ಹುಟ್ತಿರ್ಲಿಲ್ಲ. ಹುಟ್ದೆ ಇದ್ರೆ ಚೆನ್ನಾಗಿತ್ತಾ, ಹೇಳು?' ಎಂದಳು. ಆಯ್ತು ಎಂದುಬಿಟ್ಟೆ. ಆದರೆ ಈಸ್ಟರಿಗೆ ಬಂದಾಗ ನೀವಿಬ್ಬರೂ ಮುಂದಿನ ವರ್ಷ ಮಗು ಮಾಡಿಕೊಳ್ಳುವ ಯೋಚನೆಯಲ್ಲಿದ್ದೇವೆ ಎಂದು ಹೇಳಿದಿರಲ್ಲ, ಆ ದಿನದ ನಿನ್ನ ಮುಖ ನೆನಪಾದರೆ ನಾನು ಕೊಟ್ಟ ಮಾತು ಉಳಿಸಿಕೊಳ್ಳಲಾಗುವುದಿಲ್ಲ. ಅವಳು ಹೇಳುವುದು ಸರಿಯಿರಬಹುದು. ನಿನಗೆ ಹೇಳದೆ ನಿನ್ನ ಬದುಕಿನ ಬಗ್ಗೆ ನಾವಿಬ್ಬರು ದಡದ ಮೇಲೆ ಕೂತು ತೀರ್ಮಾನ ಮಾಡುವುದು ಮಾತ್ರ ಸರ್ವಥಾ ಸರಿಯಲ್ಲ.

ಅವಳ ಸಹಿ ಇರುವ ಹಾಳೆಯ ಹಿಂಬದಿಯಲ್ಲೇ ಇದನ್ನು ಬರೆಯುತ್ತಿದ್ದೇನೆ, ನನ್ನ ಹತ್ತಿರ ಬೇರೆ ಕಾಗದವಿಲ್ಲ. ಅವಳಿಗೆ ಹೇಳಬೇಡ. ಭಾನುವಾರ ಫೋನು ಮಾಡಿದಾಗ ಲೌತ್ ಹೇಗಿತ್ತು ಎಂದು ಮಾತ್ರ ಕೇಳು. ನನ್ನನ್ನು ಬಯ್ಯಬೇಕಾದರೆ ಹೊಗೆಮನೆಗೆ ಮಾಡು, ಎಷ್ಟು ಬೇಕಾದರೂ ಬಯ್ಯಿ. ಟಪಾಲು ಗಾಡಿ ಬಂದು ನಿಂತಿದೆ, ಆತ ಡಬ್ಬಿಯ ಬೀಗ ತೆಗೆಯುತ್ತಿದ್ದಾನೆ. ಈಗ ಕೊಡದೆ ಮನೆಗೆ ಹೋದರೆ ನಾನು ಇದನ್ನು ಇನ್ನೆಂದೂ ಕಳಿಸಲಾರೆ.